ಇಳಿದ ಸೋಂಕು, ಏರದ ಅರಿವು

ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಕಳೆದ ಎರಡು ದಶಕಗಳಿಂದ ಎಚ್‌ಐವಿ ಸೋಂಕು ಇಳಿಮುಖವಾಗುತ್ತ ಬಂದಿರುವುದು ನಮ್ಮ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ಗಣನೀಯವಾದ ಸಿದ್ಧಿಗಳಲ್ಲಿ ಒಂದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸೋಂಕು ಇಳಿದ ಪ್ರಮಾಣದಲ್ಲಿಯೇ ಲೈಂಗಿಕ ಆರೋಗ್ಯವನ್ನು ಕುರಿತ ಅರಿವೂ ಜನಸಾಮಾನ್ಯರಲ್ಲಿ ಏರಿತೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ಅವಧಿಯ ಸಂಶೋಧನೆಗಳನ್ನು ಓದುತ್ತ ಹೋದರೆ, ಅವು ಕೊಡುವ ಉತ್ತರ ಅಷ್ಟೊಂದು ನೆಮ್ಮದಿಯದಾಗಿಲ್ಲ. ರೋಗ ಹಿಮ್ಮೆಟ್ಟಿದ್ದು ಬಹುಮಟ್ಟಿಗೆ ಸಮಾಜದ ಅಂಚಿನಲ್ಲಿದ್ದ ಸ್ತ್ರೀಯರು ಸಂಘಟಿತರಾಗಿ ತಮ್ಮ ರಕ್ಷಣೆಯನ್ನು ತಾವೇ ಕೈಗೆತ್ತಿಕೊಂಡದ್ದರಿಂದ, ಆಮೇಲೆ ಔಷಧದ ಬಲದಿಂದ. ಶಾಲೆಯ ಹುಡುಗಿಗೆ, ಗುಳೆ ಹೋಗುವ ತರುಣನಿಗೆ, ವಯಸ್ಸು ತುಂಬುವ ಮೊದಲೇ ಗಂಡನ ಮನೆ ಸೇರಿದ ಸೊಸೆಗೆ ಸಲ್ಲಬೇಕಾಗಿದ್ದ ಶಿಕ್ಷಣ ಮಾತ್ರ ಇನ್ನೂ ಸಂದಿಲ್ಲವೆಂಬುದೇ ನನ್ನ ವಾದ. ಯಾದಗಿರಿ, ಶಹಾಪುರ, ಸುರಪುರಗಳ ನೆಲದ ಮೇಲೆ ನಿಂತು ನೋಡಿದವರಿಗೆ ಈ ಬಾಕಿಯ ಭಾರ ಬೇರೆಡೆಗಿಂತ ಹೆಚ್ಚು ಸ್ಪಷ್ಟವಾಗಿ ಗೋಚರಿಸುತ್ತದೆ.

ಕಲಬುರಗಿಯಿಂದ ಬೇರ್ಪಟ್ಟು ರಾಜ್ಯದ 30ನೆಯ ಜಿಲ್ಲೆಯಾದ ಯಾದಗಿರಿಯಲ್ಲಿ 2011ರ ಜನಗಣತಿಯ ಪ್ರಕಾರ ಇದ್ದ ಜನಸಂಖ್ಯೆ 11,74,271. ಅಕ್ಷರಸ್ಥರ ಪ್ರಮಾಣ ಶೇಕಡ 51.83, ಸ್ತ್ರೀಯರಲ್ಲಂತೂ ಶೇಕಡ 41ರಷ್ಟು ಮಾತ್ರ. ಆಗ ಇಡೀ ರಾಜ್ಯದ ಸರಾಸರಿ ಶೇಕಡ 75ನ್ನು ದಾಟಿತ್ತೆಂಬುದನ್ನೂ, ಈ ಜಿಲ್ಲೆಯ ಅಂಕಿ ರಾಜ್ಯದಲ್ಲಿಯೇ ಕನಿಷ್ಠವೆಂಬುದನ್ನೂ ಗಮನಿಸಿದರೆ, ಗೋಡೆಬರಹ, ಕರಪತ್ರ, ಭಿತ್ತಿಚಿತ್ರಗಳ ಮೂಲಕ ನಡೆಯುವ ಪ್ರಚಾರ ಇಲ್ಲಿ ಅರ್ಧದಷ್ಟು ಜನರನ್ನು ಆರಂಭದಲ್ಲಿಯೇ ಕೈಬಿಟ್ಟಂತೆ ಎಂಬುದು ವಿವರಣೆಯಿಲ್ಲದೆಯೇ ತಿಳಿಯುತ್ತದೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಮನೆಮಾತು ಕನ್ನಡವಾದ ಮಕ್ಕಳು ಉರ್ದುವಿನಲ್ಲಿ ಓದಬೇಕಾಗಿದ್ದ ಪ್ರಾಂತ್ಯವಿದು. ಅಕ್ಷರದ ದಾರಿದ್ರ್ಯಕ್ಕೆ ಅಷ್ಟು ಹಿಂದಿನ ಬೇರುಗಳುಂಟು. ನಾರಾಯಣಪುರದ ಬಸವಸಾಗರದಿಂದ ಹರಿದ ಕೃಷ್ಣೆಯ ಕಾಲುವೆಗಳು ಸುರಪುರ, ಶಹಾಪುರಗಳ ಎರೆಹೊಲಗಳಲ್ಲಿ ಭತ್ತದ ಗದ್ದೆಗಳನ್ನು ಎಬ್ಬಿಸಿವೆಯಾದರೂ, ಕಾಲುವೆಯ ಕೊನೆಯ ಹಳ್ಳಿಗಳ ಮತ್ತು ಒಣಭೂಮಿಯ ತಾಂಡಾಗಳ ದುಡಿಯುವ ಮಂದಿ ಸುಗ್ಗಿ ಮುಗಿದೊಡನೆ ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಸಂಸಾರಸಮೇತ ಹೊರಡುವುದು ನಿಂತಿಲ್ಲ.

ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ವೈದ್ಯೆ ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಸಂಗ್ರಹಿಸಿದ ರಕ್ತದ ಮಾದರಿಗಳಿಂದ ಆ ಸಂಗತಿ ಹೊರಬಿದ್ದಿತು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೂ 1997ರಲ್ಲಿ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯೂ ಹುಟ್ಟಿದವು. ಆ ಕಾಲದಲ್ಲಿ ಈ ರೋಗ ಬಂದರುಗಳ, ಹೆದ್ದಾರಿಗಳ, ದೊಡ್ಡ ನಗರಗಳ ರೋಗವೆಂಬ ಭಾವನೆ ಅಧಿಕಾರಿಗಳಲ್ಲಿಯೂ ವೈದ್ಯರಲ್ಲಿಯೂ ಬೇರೂರಿತ್ತು. ಆ ಭಾವನೆಯನ್ನು ಅಲುಗಿಸಿದ ಅಧ್ಯಯನ ನಮ್ಮ ಬಾಗಲಕೋಟೆಯಲ್ಲಿಯೇ ನಡೆಯಿತೆಂಬುದು ಕನ್ನಡ ಓದುಗರಲ್ಲಿ ಅನೇಕರಿಗೆ ತಿಳಿಯದ ವಿಷಯ. ಭಾರತ ಮತ್ತು ಕೆನಡಾಗಳ ಸಹಯೋಗದ ಯೋಜನೆಯಡಿ ಮ್ಯಾನಿಟೋಬಾ ವಿಶ್ವವಿದ್ಯಾಲಯದ ವಿದ್ವಾಂಸರೂ ಇಲ್ಲಿಯ ತಜ್ಞರೂ ಜತೆಗೂಡಿ ಆ ಜಿಲ್ಲೆಯ ಮನೆಮನೆಗಳಿಂದ ವಯಸ್ಕರನ್ನು ಯಾದೃಚ್ಛಿಕವಾಗಿ ಆಯ್ದು ಪರೀಕ್ಷಿಸಿ, 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಸೋಂಕು ಶೇಕಡ 2.9ರಷ್ಟು ವಯಸ್ಕರಲ್ಲಿತ್ತು, ಅದಕ್ಕಿಂತ ಮಹತ್ತ್ವದ ಸಂಗತಿಯೆಂದರೆ ಅದು ನಗರಕ್ಕಿಂತ ಹಳ್ಳಿಗಳಲ್ಲಿ ಹೆಚ್ಚಾಗಿ ನೆಲೆಯೂರಿತ್ತು, ಮತ್ತು ಒಂದೇ ಜಿಲ್ಲೆಯ ತಾಲ್ಲೂಕು ತಾಲ್ಲೂಕಿಗೆ ಹಲವು ಪಟ್ಟು ವ್ಯತ್ಯಾಸವಾಗುತ್ತಿತ್ತು.

ಈ ಕೊನೆಯ ಮಾತನ್ನು ಸ್ವಲ್ಪ ನಿಂತು ಯೋಚಿಸಬೇಕು. 2005-06ರ ಮೂರನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ವಯಸ್ಕರಲ್ಲಿ ಕಂಡ ಸೋಂಕು ಶೇಕಡ 0.69, ದೇಶದ ಸರಾಸರಿ ಶೇಕಡ 0.28. ಅದೇ ಸಮೀಕ್ಷೆಯ ಬಲದಿಂದ ದೇಶದ ಒಟ್ಟು ಸೋಂಕಿತರ ಅಂದಾಜು 52 ಲಕ್ಷದಿಂದ 25 ಲಕ್ಷಕ್ಕೆ ಇಳಿಯಿತು. ರಾಜ್ಯದ ಸರಾಸರಿ ಒಂದರೊಳಗಿರುವಾಗ ಒಂದು ಜಿಲ್ಲೆಯ ಅಂಕಿ ಮೂರರ ಹತ್ತಿರವಿರಬಹುದಾದರೆ, ಮತ್ತು ಆ ಜಿಲ್ಲೆಯೊಳಗೇ ತಾಲ್ಲೂಕುಗಳ ನಡುವೆ ಅಷ್ಟು ಅಂತರವಿರಬಹುದಾದರೆ, ಸರಾಸರಿಯೆಂಬುದು ಆಡಳಿತಕ್ಕೆ ಅನುಕೂಲವಾದ ಸಂಖ್ಯೆಯೇ ಹೊರತು ಯಾವ ಊರಿನ ಸ್ಥಿತಿಯನ್ನೂ ಹೇಳುವ ಸಂಖ್ಯೆಯಲ್ಲ. ಸುರಪುರದ ನೀರಾವರಿ ಹಳ್ಳಿಗೂ ಯಾದಗಿರಿಯ ಒಣಭೂಮಿಯ ತಾಂಡಾಕ್ಕೂ ಒಂದೇ ಬೋಧನೆ ಸಾಕೆಂದು ಭಾವಿಸುವವರು ಬಾಗಲಕೋಟೆಯ ಪಾಠವನ್ನು ಓದಿಲ್ಲವೆಂದೇ ಹೇಳಬೇಕು.

ಇಳಿತದ ಕಾರಣಗಳನ್ನು ಶೋಧಿಸಿದ ಸಂಶೋಧನೆ ವಿಪುಲವಾಗಿದೆ. ದಕ್ಷಿಣದ ರಾಜ್ಯಗಳಲ್ಲಿ 15ರಿಂದ 24 ವರ್ಷದ ಗರ್ಭಿಣಿಯರಲ್ಲಿ ಸೋಂಕು 2000ದಲ್ಲಿ ಶೇಕಡ 1.7 ಇದ್ದದ್ದು 2004ರ ವೇಳೆಗೆ ಶೇಕಡ 1.1ಕ್ಕೆ ಇಳಿದಿತ್ತೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ 2006ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತು. 2003ರಲ್ಲಿ ಸ್ಥಾಪಿತವಾದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಗೇಟ್ಸ್ ಪ್ರತಿಷ್ಠಾನದ 'ಆವಾಹನ್' ಯೋಜನೆಯ ನೆರವಿನಿಂದ ರಾಜ್ಯದ ಅಂದಿನ 27 ಜಿಲ್ಲೆಗಳ ಪೈಕಿ 18ರಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರ ನಡುವೆ ತೀವ್ರವಾದ ಕಾರ್ಯಕ್ರಮವನ್ನು ನಡೆಸಿತು. ಅವರದೇ ಪೈಕಿ ಆರಿಸಿದವರನ್ನು ಸಹಶಿಕ್ಷಕಿಯರನ್ನಾಗಿ ಮಾಡಿ, ನಿರೋಧ್ ವಿತರಣೆ, ಗುಹ್ಯರೋಗಗಳ ಚಿಕಿತ್ಸೆ, ಪೊಲೀಸರ ಮತ್ತು ಗೂಂಡಾಗಳ ಹಿಂಸೆಗೆ ಸಂಘಟಿತವಾದ ಪ್ರತಿರೋಧ, ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿತು. ಬೆಂಗಳೂರು, ಬೆಳಗಾವಿ, ಬಳ್ಳಾರಿ, ಮೈಸೂರು, ಶಿವಮೊಗ್ಗ ಜಿಲ್ಲೆಗಳಲ್ಲಿ ಎರಡು ಸುತ್ತಿನಲ್ಲಿ ನಡೆದ ಸಮೀಕ್ಷೆಗಳಲ್ಲಿ ಈ ಮಹಿಳೆಯರ ನಡುವಣ ಎಚ್‌ಐವಿ ಶೇಕಡ 19.6ರಿಂದ 16.4ಕ್ಕೂ, ಸಕ್ರಿಯ ಸಿಫಿಲಿಸ್ ಶೇಕಡ 5.9ರಿಂದ 3.4ಕ್ಕೂ ಇಳಿದಿದ್ದವು. ಬಾಗಲಕೋಟೆ ಜಿಲ್ಲೆಯ 'ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ'ವಾಗಲಿ, ಮೈಸೂರಿನ 'ಅಶೋದಯ ಸಮಿತಿ'ಯಾಗಲಿ, ಇವರು ತಮ್ಮ ಬದುಕಿನ ವಿಷಯದಲ್ಲಿ ತಾವೇ ಪ್ರಮಾಣವೆಂದು ಜಗತ್ತಿಗೆ ತೋರಿಸಿಕೊಟ್ಟರು. ಲೈಂಗಿಕ ಆರೋಗ್ಯದ ಶಿಕ್ಷಣ ನಮ್ಮಲ್ಲಿ ಯಶಸ್ವಿಯಾಗಿ ನಡೆದ ಏಕೈಕ ಪಾಠಶಾಲೆ ಅದೇ ಎಂದರೆ ಅತಿಶಯವಾಗಲಾರದು. ಸಭ್ಯಸಮಾಜ ಯಾರನ್ನು ಊರಾಚೆ ಇಟ್ಟಿತ್ತೋ ಅವರಿಂದಲೇ ಅದರ ಮನೆಗಳು ಉಳಿದವೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕಾಗಿದೆ.

ಈ ಮಹಿಳೆಯರಲ್ಲಿ ಅನೇಕರು ದೇವದಾಸಿ ಪದ್ಧತಿಯ ಮೂಲಕ ಈ ಬಾಳಿಗೆ ಬಂದವರು. ಕರ್ನಾಟಕದ 1,588 ಲೈಂಗಿಕ ವೃತ್ತಿನಿರತ ಮಹಿಳೆಯರನ್ನು ಮಾತನಾಡಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥವರು ನೂರಕ್ಕೆ 26ರಷ್ಟಿದ್ದರು, ಮತ್ತು ಉತ್ತರದ ಗ್ರಾಮಗಳಲ್ಲಿ ಅವರ ಪ್ರಮಾಣ ಹೆಚ್ಚು. 1982ರ ನಿಷೇಧ ಕಾಯಿದೆಯ ನಂತರವೂ ರಾಜ್ಯ ನಡೆಸಿದ ಎರಡು ಗಣತಿಗಳಲ್ಲಿ, ಅಂದರೆ 1993-94 ಮತ್ತು 2007-08ರಲ್ಲಿ, ಗುರುತಿಸಲ್ಪಟ್ಟವರ ಒಟ್ಟು ಸಂಖ್ಯೆ 46,660. ಮುತ್ತು ಕಟ್ಟಿಸಿಕೊಂಡ ಹುಡುಗಿ ಬಹುಮಟ್ಟಿಗೆ ದಲಿತ ಕೇರಿಯವಳು, ಓದು ಬಿಟ್ಟವಳು, ಮನೆಯ ಸಂಪಾದನೆಯ ಹೊಣೆ ಹೊತ್ತವಳು. ಅವಳಿಗೆ ಎಚ್‌ಐವಿ ಹೇಗೆ ಬರುತ್ತದೆಂಬುದನ್ನು ತಿಳಿಸಿದ ಮಾತ್ರಕ್ಕೆ ಬೇಡವೆನ್ನುವ ಅಧಿಕಾರ ಬಂದುಬಿಡುವುದಿಲ್ಲವೆಂಬುದನ್ನು ಸಂಘಗಳ ಅನುಭವ ಮತ್ತೆ ಮತ್ತೆ ಸ್ಪಷ್ಟಪಡಿಸಿದೆ.

ಇನ್ನು ಸಾಮಾನ್ಯ ಗೃಹಸ್ಥರ ಮತ್ತು ಎಳೆಯರ ಅರಿವಿನ ವಿಷಯ. ಸಮೀಕ್ಷಕರು 'ಸಮಗ್ರ ಜ್ಞಾನ'ವೆಂದು ಕರೆಯುವುದಕ್ಕೆ ಐದು ಮಾತುಗಳು ಗೊತ್ತಿರಬೇಕು: ಪ್ರತಿಸಲವೂ ನಿರೋಧ್ ಬಳಸುವುದರಿಂದ ಅಪಾಯ ತಗ್ಗುತ್ತದೆ, ಸೋಂಕಿಲ್ಲದ, ನಿಷ್ಠೆಯುಳ್ಳ ಒಬ್ಬರೇ ಸಂಗಾತಿಯಿದ್ದರೂ ತಗ್ಗುತ್ತದೆ, ನೋಡುವುದಕ್ಕೆ ಆರೋಗ್ಯವಾಗಿರುವವರಲ್ಲಿಯೂ ಸೋಂಕಿರಬಹುದು, ಸೊಳ್ಳೆ ಕಚ್ಚಿದರೆ ಬರುವುದಿಲ್ಲ, ಜತೆಯಲ್ಲಿ ಕುಳಿತು ಉಂಡರೆ ಬರುವುದಿಲ್ಲ. ಇಷ್ಟೇ. ಇಷ್ಟನ್ನು ಸರಿಯಾಗಿ ಹೇಳಬಲ್ಲವರು 2019-21ರ ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸ್ತ್ರೀಯರಲ್ಲಿ ಶೇಕಡ 21.6, ಪುರುಷರಲ್ಲಿ ಶೇಕಡ 30.7 ಮಾತ್ರ. ಮೂವತ್ತು ವರ್ಷಗಳ ಪ್ರಚಾರದ ನಂತರ ಐವರು ಸ್ತ್ರೀಯರಲ್ಲಿ ನಾಲ್ವರು ಈ ಐದು ಸರಳ ಮಾತುಗಳಲ್ಲಿ ಎಲ್ಲಿಯೋ ಎಡವುತ್ತಾರೆಂದರೆ, ಪ್ರಚಾರ ಮುಟ್ಟಿಸಿದ್ದು ಹೆಸರನ್ನು ಮತ್ತು ಹೆದರಿಕೆಯನ್ನು, ತಿಳಿವಳಿಕೆಯನ್ನಲ್ಲ. ತಟ್ಟೆ ಲೋಟಗಳನ್ನು ಬೇರೆ ಇಡುವ ಮನೆಗಳೂ, ಗಂಡ ಸತ್ತ ಮೇಲೆ ಸೊಸೆಯನ್ನು ತವರಿಗೆ ಅಟ್ಟುವ ಮನೆಗಳೂ ಈ ಹೆದರಿಕೆಯ ಫಲ.

ಶಾಲೆಯಲ್ಲಿ ಈ ಕೊರತೆಯನ್ನು ತುಂಬುವ ಯತ್ನ ಆಗದೆ ಇರಲಿಲ್ಲ. ಕೇಂದ್ರ ಸರ್ಕಾರ 2005ರ ಸುಮಾರಿಗೆ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನು ಪ್ರೌಢಶಾಲೆಗಳಿಗೆ ವಿಸ್ತರಿಸಿದಾಗ, ಅದರ ಚಿತ್ರಗಳೂ ಪದಗಳೂ ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲವೆಂಬ ಆಕ್ಷೇಪವೆದ್ದು, 2007ರಲ್ಲಿ ಹಲವು ರಾಜ್ಯಗಳು ಅದನ್ನು ನಿಲ್ಲಿಸಿದವು, ಕರ್ನಾಟಕವೂ ಅವುಗಳಲ್ಲೊಂದು. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿ ಎಂ. ವೆಂಕಯ್ಯ ನಾಯ್ಡು ಅವರ ಅಧ್ಯಕ್ಷತೆಯಲ್ಲಿ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಕೂಡದೆಂದೇ ಅಭಿಪ್ರಾಯಪಟ್ಟಿತು. ಇಂಥ ಶಿಕ್ಷಣದಿಂದ ಎಳೆಯರು ಬೇಗ ದಾರಿ ತಪ್ಪುತ್ತಾರೆಂಬ ಭೀತಿಗೆ ಆಧಾರವುಂಟೆ ಎಂಬುದನ್ನು ಅಮೆರಿಕೆಯ ಡಗ್ಲಸ್ ಕರ್ಬಿ ಮುಂತಾದವರು ಅನೇಕ ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರೀಕ್ಷಿಸಿದ್ದಾರೆ. ಯುನೆಸ್ಕೊ 2009ರಲ್ಲಿ ಹೊರಡಿಸಿ 2018ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯೂ ಆ ಸಾಕ್ಷ್ಯವನ್ನೇ ಅವಲಂಬಿಸಿದೆ. ಕ್ರಮಬದ್ಧವಾಗಿ ಕಲಿಸಿದ ಕಡೆ ಎಳೆಯರು ಲೈಂಗಿಕ ಜೀವನವನ್ನು ಬೇಗ ಆರಂಭಿಸಿದ್ದು ಕಂಡುಬಂದಿಲ್ಲ. ಎಷ್ಟೋ ಕಡೆ ತಡವಾಗಿ ಆರಂಭಿಸಿದ್ದಾರೆ. ಭೀತಿ ಪ್ರಾಮಾಣಿಕವಾದದ್ದೇ ಇರಬಹುದು, ಸಾಕ್ಷ್ಯ ಮಾತ್ರ ಅದರ ಪಕ್ಷದಲ್ಲಿಲ್ಲ.

ನಿಷೇಧದ ಮಾತು ಹಳೆಯದಾಗಿ ಈಗ ಪಾಠ ಪುಸ್ತಕದಲ್ಲಿ ಇದ್ದೇ ಇದೆ. ಎಂಟನೆಯ ತರಗತಿಯ ವಿಜ್ಞಾನದಲ್ಲಿ ಹದಿಹರೆಯದ ದೇಹದ ಬದಲಾವಣೆಗಳ ಅಧ್ಯಾಯವೂ, ಹತ್ತನೆಯದರಲ್ಲಿ ಸಂತಾನೋತ್ಪತ್ತಿಯ ಅಧ್ಯಾಯದೊಳಗೆ ಎಚ್‌ಐವಿ, ಸಿಫಿಲಿಸ್, ಗೊನೊರಿಯಾಗಳ ಪ್ರಸ್ತಾಪವೂ ಉಂಟು. ಆದರೆ ಆ ಪುಟಗಳು ತೆರೆದುಕೊಳ್ಳುವ ಬಗೆಯನ್ನು ನೋಡಿ: ಹುಡುಗರೂ ಹುಡುಗಿಯರೂ ಬೇರೆ ಬೇರೆ ಸಾಲಿನಲ್ಲಿ ಕುಳಿತ ಕೋಣೆಯಲ್ಲಿ, ಅದೇ ಊರಿನ ಜನರ ಮುಖ ನೋಡಿ ಬದುಕಬೇಕಾದ ಮೇಷ್ಟ್ರು, ಹೂವಿನ ಪರಾಗಸ್ಪರ್ಶವನ್ನು ಹಲಗೆಯ ಮೇಲೆ ಚಿತ್ರ ಬಿಡಿಸಿ ವಿಸ್ತಾರವಾಗಿ ತಿಳಿಸಿ, ಮನುಷ್ಯರ ಭಾಗ ಬಂದೊಡನೆ ಧ್ವನಿ ತಗ್ಗಿಸಿ, ಇದನ್ನು ಮನೆಯಲ್ಲಿ ಓದಿಕೊಳ್ಳಿರೆಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ಮನೆಯಲ್ಲಿ ಓದಿ ಹೇಳುವವರು ಯಾರು? ಮಗಳು 'ದೊಡ್ಡಾಕಿ' ಆದಾಗ ಆರತಿ ಎತ್ತಿ, ಕೊಬ್ಬರಿ ಬೆಲ್ಲ ತಿನ್ನಿಸಿ, ಇನ್ನು ಗಂಡುಹುಡುಗರ ಜತೆ ಮಾತು ಬೇಡವೆಂದು ಎಚ್ಚರಿಸುವಷ್ಟರಲ್ಲಿಯೇ ತಾಯಿಯ ಬೋಧನೆ ಮುಗಿಯುತ್ತದೆ. ಅವಳಿಗೂ ಅವಳ ತಾಯಿ ಹೇಳಿದ್ದು ಅಷ್ಟೇ. ನಾನು ಆ ಮೇಷ್ಟ್ರನ್ನು ದೂಷಿಸಲಾರೆ. ತರಬೇತಿಯಿಲ್ಲದೆ, ಮುಖ್ಯೋಪಾಧ್ಯಾಯರ ಬೆಂಬಲವಿಲ್ಲದೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಮ್ಮತಿಯಿಲ್ಲದೆ ಆ ಪಾಠವನ್ನು ಮಾಡೆಂದು ಒಬ್ಬನ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವೂ, ನಮ್ಮ ಸರ್ಕಾರಿ ಆಸ್ಪತ್ರೆಗಳ 'ಸ್ನೇಹ ಕ್ಲಿನಿಕ್'ಗಳೂ, 2020ರ ಶಾಲಾ ಆರೋಗ್ಯ ಕಾರ್ಯಕ್ರಮವೂ ಈ ತೆರವನ್ನು ತುಂಬಲೆಂದೇ ಬಂದವು. ಆದರೆ ಸ್ನೇಹ ಕ್ಲಿನಿಕ್ಕಿನ ಬಾಗಿಲಿಗೆ ಬರಬೇಕಾದರೆ ಹುಡುಗಿ ಮೊದಲು ಹಳ್ಳಿಯಿಂದ ಬಸ್ಸು ಹತ್ತಬೇಕು, ಏಕೆ ಹೊರಟೆಯೆಂಬ ಪ್ರಶ್ನೆಗೆ ಮನೆಯಲ್ಲಿ ಉತ್ತರ ಕೊಡಬೇಕು.

ಹಾಗಾದರೆ ಪಾಠ ಚೆನ್ನಾಗಿ ನಡೆದರೆ ರೋಗ ತಡೆಯುತ್ತದೆಯೆ? ಇಲ್ಲಿ ಸಂಶೋಧನೆಯ ಉತ್ತರ ನಮ್ಮ ಉತ್ಸಾಹಕ್ಕೆ ಕಡಿವಾಣ ಹಾಕುತ್ತದೆ, ಮತ್ತು ಅದನ್ನು ಮರೆಮಾಚದೆ ಹೇಳುವುದು ಸಮೀಕ್ಷಕನ ಧರ್ಮ. ಟಾಂಜಾನಿಯಾದ ಮ್ವಾಂಜಾ ಪ್ರಾಂತ್ಯದ 20 ಸಮುದಾಯಗಳಲ್ಲಿ ಶಾಲಾಪಾಠ, ಎಳೆಯರಿಗೆ ಒಗ್ಗುವ ಆಸ್ಪತ್ರೆ ಸೇವೆ, ಊರಿನ ಪ್ರಚಾರ ಎಲ್ಲವನ್ನೂ ಸೇರಿಸಿ ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶ 2007ರಲ್ಲಿ ಹೊರಬಂದಾಗ, ಮಕ್ಕಳ ತಿಳಿವಳಿಕೆ ಗಣನೀಯವಾಗಿ ಹೆಚ್ಚಿತ್ತು, ಸೋಂಕಿನ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸವಾಗಿರಲಿಲ್ಲ. ಅದಕ್ಕೆ ಎದುರಾಗಿ ಮಲಾವಿಯ ಜೋಂಬಾದಲ್ಲಿ ಹುಡುಗಿಯರಿಗೂ ಅವರ ಮನೆಯವರಿಗೂ ತಿಂಗಳು ತಿಂಗಳು ಸ್ವಲ್ಪ ಹಣ ಕೊಟ್ಟು ನೋಡಿದಾಗ, ಹಣ ಪಡೆದ ಶಾಲಾಬಾಲಿಕೆಯರಲ್ಲಿ ಎಚ್‌ಐವಿ ಶೇಕಡ 1.2, ಪಡೆಯದವರಲ್ಲಿ ಶೇಕಡ 3.0 ಎಂದು 2012ರಲ್ಲಿ ವರದಿಯಾಯಿತು. ಇದನ್ನು ಓದಿದ ಮೇಲೆ ಪಾಠ ವ್ಯರ್ಥ, ಹಣವೇ ಸಾಕೆಂದು ತೀರ್ಮಾನಿಸುವುದು ಆತುರವಾದೀತು. ಅರಿವನ್ನು ಆಚರಣೆಗೆ ತರಲು ಬೇಕಾದ ಸ್ವಾತಂತ್ರ್ಯ ಹುಡುಗಿಯ ಕೈಯಲ್ಲಿರಬೇಕೆಂಬುದೇ ಎರಡೂ ಪ್ರಯೋಗಗಳಿಂದ ಹೊರಡುವ ಅರ್ಥ.

ಆ ಸ್ವಾತಂತ್ರ್ಯಕ್ಕೆ ನಮ್ಮ ಕಡೆ ಇರುವ ಹತ್ತಿರದ ದಾರಿ ಹೈಸ್ಕೂಲು. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ 80 ಗ್ರಾಮಸಮೂಹಗಳಲ್ಲಿ ಪರಿಶಿಷ್ಟ ಜಾತಿ ಪಂಗಡಗಳ ಹುಡುಗಿಯರನ್ನು ಶಾಲೆಯಲ್ಲಿ ಉಳಿಸಿ ಬಾಲ್ಯವಿವಾಹವನ್ನು ತಡೆಯುವ 'ಸಮತಾ' ಪ್ರಯೋಗ 2014ರಿಂದ 2017ರವರೆಗೆ ನಡೆಯಿತು. ಅರ್ಧ ಸಮೂಹಗಳಲ್ಲಿ ಹುಡುಗಿಯರ, ತಾಯಿತಂದೆಗಳ, ಹುಡುಗರ, ಶಿಕ್ಷಕರ ನಡುವೆ ಕೆಲಸ ಮಾಡಿ, ಉಳಿದರ್ಧದೊಡನೆ ಹೋಲಿಸಿದರು. ಫಲಿತಾಂಶದಲ್ಲಿ ಎರಡರ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಆದರೆ ಆ ವರ್ಷಗಳಲ್ಲಿ ಎರಡೂ ಕಡೆ ಹುಡುಗಿಯರು ಹಿಂದಿನವರಿಗಿಂತ ಹೆಚ್ಚು ಕಾಲ ಶಾಲೆಯಲ್ಲಿ ಉಳಿದಿದ್ದರು. ಸೈಕಲ್ಲು, ಬಿಸಿಯೂಟ, ಹಾಸ್ಟೆಲು, ಹತ್ತಿರದಲ್ಲೊಂದು ಪ್ರೌಢಶಾಲೆ, ಇವೆಲ್ಲ ಸದ್ದಿಲ್ಲದೆ ತಮ್ಮ ಕೆಲಸ ಮಾಡಿದ್ದವೆಂದು ನಾನು ಇದನ್ನು ಓದುತ್ತೇನೆ. ಅಕ್ಷರಸ್ಥೆಯರ ಪ್ರಮಾಣ ರಾಜ್ಯದಲ್ಲಿಯೇ ಕೊನೆಯದಾದ ಯಾದಗಿರಿಯಲ್ಲಿ, ಹತ್ತಿಯ ಹೊಲಕ್ಕೆ ಕೂಲಿಗೆ ಹೋಗುವ ಹದಿಮೂರರ ಹುಡುಗಿಗೆ, ಗುಳೆಯ ಸಂಸಾರದ ಜತೆ ಊರೂರು ಅಲೆಯುವ ಮಗುವಿಗೆ ಆ ದಾರಿಯೇ ತುಂಡಾಗಿರುವುದನ್ನು ನೆನೆದರೆ, ಲೈಂಗಿಕ ಆರೋಗ್ಯದ ಮೊದಲ ಕಾರ್ಯಕ್ರಮ ಹಾಜರಾತಿಯ ಪುಸ್ತಕದಿಂದಲೇ ಆರಂಭವಾಗಬೇಕೆಂಬುದು ತಿಳಿಯುತ್ತದೆ.

ಆಸ್ಪತ್ರೆಯ ಒಳಗೆ ನಡೆಯುವ ಶಿಕ್ಷಣದ ಮಾತನ್ನೂ ಇಲ್ಲಿ ಹೇಳಬೇಕು. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಆಪ್ತ ಸಮಾಲೋಚಕರು ಬಾಗಿಲು ಮುಚ್ಚಿ, ಬಂದವರನ್ನು ಕುಳ್ಳಿರಿಸಿ, ಯಾಕೆ ಈ ಪರೀಕ್ಷೆ, ಫಲಿತಾಂಶ ಹೀಗಾದರೆ ಏನು ಹಾಗಾದರೆ ಏನು ಎಂಬುದನ್ನು ಮೊದಲೇ ವಿವರಿಸಿ, ಒಪ್ಪಿಗೆ ಪಡೆದ ಮೇಲೆಯೇ ರಕ್ತ ತೆಗೆಸುತ್ತಾರೆ. ಮೊದಲ ಕಿಟ್ಟಿನಲ್ಲಿ ಸೋಂಕು ಕಂಡರೆ ಬೇರೆ ಬೇರೆ ತತ್ತ್ವದ ಮತ್ತೆರಡು ಕಿಟ್ಟುಗಳಲ್ಲಿ ದೃಢಪಡಿಸಿಕೊಳ್ಳದೆ ಹೇಳುವುದಿಲ್ಲ. ಹೇಳುವಾಗಲೂ ಸಂಬಂಧಪಟ್ಟವರಿಗೆ ಮಾತ್ರ ಹೇಳುತ್ತಾರೆ. 2017ರಲ್ಲಿ ಅಂಗೀಕೃತವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ ಈ ಒಪ್ಪಿಗೆಯನ್ನೂ ಗೌಪ್ಯತೆಯನ್ನೂ ಹಕ್ಕನ್ನಾಗಿ ಮಾಡಿದೆ. ಬಸುರಿಯೊಬ್ಬಳಿಗೆ ಸೋಂಕಿರುವುದು ಸಕಾಲದಲ್ಲಿ ತಿಳಿದು ಅವಳು ಮಾತ್ರೆ ತೆಗೆದುಕೊಂಡರೆ ಮಗುವಿಗೆ ಅದು ದಾಟುವ ಸಂಭವ ನೂರಕ್ಕೆ ಐದಕ್ಕಿಂತ ಕೆಳಗಿಳಿಯುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಅದು 15ರಿಂದ 45. ಮಾತ್ರೆಯನ್ನು ತಪ್ಪದೆ ಸೇವಿಸಿ ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಸಂಗಾತಿಗೆ ಲೈಂಗಿಕವಾಗಿ ಸೋಂಕು ಹರಡುವುದಿಲ್ಲವೆಂಬುದೂ ಈ ಹತ್ತು ಹದಿನೈದು ವರ್ಷಗಳ ಸಂಶೋಧನೆಯಿಂದ ಸ್ಥಾಪಿತವಾಗಿದೆ. ಎಷ್ಟು ಮನೆಗಳ ಕಣ್ಣೀರನ್ನು ಒರೆಸಬಲ್ಲ ಸತ್ಯವಿದು! ಆದರೆ ಇದು ಈ ಮಾತ್ರೆಗಳನ್ನು ಕೊಡುವ ಎಆರ್‌ಟಿ ಕೇಂದ್ರದ ಗೋಡೆಯನ್ನು ದಾಟಿ ಹಳ್ಳಿಯ ಕಟ್ಟೆಗೆ ಬಂದಿಲ್ಲ. ಕಟ್ಟೆಯ ಮೇಲೆ ಇಂದಿಗೂ ಆ 'ಬ್ಯಾನಿ' ಎಂದರೆ ಸಾವೆಂದೇ ಅರ್ಥ, ಆ ಅರ್ಥಕ್ಕೆ ಅಂಜಿಯೇ ಅನೇಕರು ತಮ್ಮ ತಾಲ್ಲೂಕಿನ ಆಸ್ಪತ್ರೆ ಬಿಟ್ಟು ಗುರುತಿಲ್ಲದ ಊರಿಗೆ ಔಷಧಕ್ಕೆ ಹೋಗುತ್ತಾರೆ.

2021ರ ಅಂದಾಜಿನಂತೆ ಕರ್ನಾಟಕದಲ್ಲಿ ಸೋಂಕಿನೊಡನೆ ಬಾಳುತ್ತಿರುವವರು ಸುಮಾರು 2.7 ಲಕ್ಷ ಮಂದಿ. ಮಹಾರಾಷ್ಟ್ರ, ಆಂಧ್ರಗಳ ನಂತರ ಮೂರನೆಯ ಸ್ಥಾನ ನಮ್ಮದು. ಇಷ್ಟು ದೊಡ್ಡ ಸಂಖ್ಯೆಯ ಜನರು ಯಾವ ಹಳ್ಳಿಗಳಲ್ಲಿ, ಯಾವ ಸ್ಥಿತಿಯಲ್ಲಿ ಬಾಳುತ್ತಿದ್ದಾರೆಂಬುದನ್ನು ಹೇಳಬಲ್ಲ ಅಧ್ಯಯನ ಬೆಳಗಾವಿ, ಬಾಗಲಕೋಟೆ, ವಿಜಯಪುರಗಳ ಸುತ್ತಲೇ ಹೆಚ್ಚಾಗಿ ನಡೆದಿದೆ. ಈಚೆಗೆ ಯಾದಗಿರಿಯಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿರುವುದರಿಂದ, ಅದರ ಸಮುದಾಯ ವೈದ್ಯಶಾಸ್ತ್ರ ವಿಭಾಗ ಮೊಟ್ಟಮೊದಲು ಕೈಗೊಳ್ಳಬೇಕಾದ ಕೆಲಸ ಇದೇ ಎಂದು ನನಗೆ ತೋರುತ್ತದೆ: ಶಹಾಪುರ, ಸುರಪುರ, ಯಾದಗಿರಿ ತಾಲ್ಲೂಕುಗಳಿಂದ ಬೇರೆ ಬೇರೆಯಾಗಿ ಹಳ್ಳಿಗಳನ್ನು ಆಯ್ದು, ಗುಳೆ ಹೋದವರು ಯುಗಾದಿಗೋ ಕಾರಹುಣ್ಣಿವೆಗೋ ಮರಳಿ ಮನೆಯಲ್ಲಿರುವ ದಿನಗಳನ್ನೇ ನೋಡಿ, ಆ ಐದು ಪ್ರಶ್ನೆಗಳನ್ನು ಅವರ ಆಡುಮಾತಿನಲ್ಲಿ, ಗಂಡಸರನ್ನು ಗಂಡಸರೂ ಹೆಂಗಸರನ್ನು ಹೆಂಗಸರೂ ಕೇಳುವಂತೆ ಮಾಡಿ, ತಪ್ಪು ಉತ್ತರ ಕೊಟ್ಟವರಿಗೆ ಅಲ್ಲಿಯೇ ಕುಳಿತು ಸರಿಯಾದುದನ್ನು ತಿಳಿಸಿ, ಮರುವರ್ಷ ಅದೇ ಮನೆಗಳಿಗೆ ಹೋಗಿ ಮತ್ತೆ ಕೇಳುವುದು. ಪ್ರಶ್ನೆ ಕೇಳಲು ಆಶಾ ಕಾರ್ಯಕರ್ತೆಯರಿದ್ದಾರೆ, ಸಂಘದ ಹೆಣ್ಣುಮಕ್ಕಳಿದ್ದಾರೆ. ನಾಚಿಕೆಯನ್ನು ಬದಿಗಿಟ್ಟು ಈ ಮಾತುಗಳನ್ನು ಆಡುವುದನ್ನು ಎರಡು ದಶಕಗಳ ಹಿಂದೆಯೇ ಕಲಿತ ದೇವದಾಸಿ ತಾಯಂದಿರಿದ್ದಾರೆ. ಅವರಿಗೆ ಗೌರವಧನ ಕೊಟ್ಟು, ಪ್ರೌಢಶಾಲೆಯ ಶಿಕ್ಷಕರ ತರಬೇತಿಗೂ ಅವರನ್ನೇ ಕರೆಸಬೇಕು.